ಒಂದೇ ಕಂಪ್ಯೂಟರಿನಲ್ಲಿ ಮೂರು ಶಿಲ್ಕು: ಹಳೆಯ ಲೆಕ್ಕದ ತಂತ್ರಾಂಶ, ಹೊಸ ವಿಂಡೋಸಿನ ಅನುಮತಿಗಳು

ಘಾಟ್ಕೋಪರದ ಕಾರ್ಯದರ್ಶಿ
8 ನವೆಂಬರ್ 2025, ಮಧ್ಯಾಹ್ನ 2.40

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಘಾಟ್ಕೋಪರದಲ್ಲಿ ನಮ್ಮ ಕಡೆಯವರೇ ಸೇರಿ ನಡೆಸುವ ಸಣ್ಣದೊಂದು ಕ್ರೆಡಿಟ್ ಸೊಸೈಟಿಗೆ ನಾನು ಗೌರವ ಕಾರ್ಯದರ್ಶಿ. ಸದಸ್ಯರಲ್ಲಿ ಹೆಚ್ಚಿನವರು ಹೋಟೆಲಿನವರು, ಹೋಟೆಲಿನಲ್ಲಿ ದುಡಿಯುವವರು. ಪಿಗ್ಮಿ ಸಂಗ್ರಹವೇ ಮುಖ್ಯ ವಹಿವಾಟು. ಲೆಕ್ಕಕ್ಕೆ 2003ರಲ್ಲಿ ಪರಿಚಿತರೊಬ್ಬರು ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ತಂತ್ರಾಂಶವನ್ನೇ ಇಂದಿಗೂ ಬಳಸುತ್ತಿದ್ದೇವೆ. ಬರೆದವರು ಊರಿಗೆ ಮರಳಿ ಬಹಳ ವರ್ಷಗಳಾದವು. ಸೋರ್ಸ್ ಕೋಡ್, ಅಂದರೆ ತಿದ್ದಲು ಬೇಕಾಗುವ ಮೂಲ ಬರಹ, ಎಲ್ಲಿದೆಯೆಂಬುದು ಅವರಿಗೂ ನೆನಪಿಲ್ಲ.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದರಿಂದ ದೀಪಾವಳಿ ಕಳೆದ ಮೇಲೆ ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದೆವು. ಅಂಗಡಿಯವರು ಹಳೆಯ ತಂತ್ರಾಂಶವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೆ ಹಾಕಿ, ಅಡ್ಮಿನಿಸ್ಟ್ರೇಟರ್ ಲಾಗಿನ್‌ನಲ್ಲಿ ಚಾಲೂ ಮಾಡಿಕೊಟ್ಟರು. ಹತ್ತು ದಿನ ಏನೂ ತೊಂದರೆ ಇರಲಿಲ್ಲ. ಆಮೇಲೆ ಬಂದ ಲೆಕ್ಕ ಪರಿಶೋಧಕರು, ಗುಮಾಸ್ತರಿಬ್ಬರೂ ಒಂದೇ ಲಾಗಿನ್‌ನಲ್ಲಿ, ಅದೂ ಅಡ್ಮಿನಿಸ್ಟ್ರೇಟರ್ ಆಗಿ ಕೂರುವುದು ಸರಿಯಲ್ಲವೆಂದು ಆಕ್ಷೇಪಿಸಿದರು. ಆ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ 6ರ ಗುರುವಾರದಿಂದ ಬೆಳಗಿನವರಿಗೊಂದು, ಸಂಜೆಯವರಿಗೊಂದು ಸಾಮಾನ್ಯ ಲಾಗಿನ್ ಮಾಡಿಕೊಟ್ಟೆ.

ಅಂದು ಸಂಜೆಯೇ ಶಿಲ್ಕು (ಕೈಯಲ್ಲಿ ಉಳಿದ ನಗದು) ತಾಳೆಯಾಗಲಿಲ್ಲ. ಸಂಜೆಯ ಗುಮಾಸ್ತೆ ತನ್ನದೇ ತಪ್ಪಿರಬೇಕೆಂದು ರಾತ್ರಿ ಹತ್ತರವರೆಗೆ ಕೂತು ಕೂಡಿಸಿ ಕಳೆದರೂ ಸಿಗಲಿಲ್ಲ, ಶುಕ್ರವಾರವೂ ಅದೇ ಕಥೆ. ಇಂದು ಮಧ್ಯಾಹ್ನ ಬೆಳಗಿನವರ ಲಾಗಿನ್‌ನಲ್ಲಿ ನೋಡಿದರೆ ಶಿಲ್ಕು ₹1,12,640; ಅವರನ್ನು ಎಬ್ಬಿಸಿ ಸಂಜೆಯವರ ಲಾಗಿನ್‌ನಲ್ಲಿ ತೆರೆದರೆ ₹1,41,875. ಪೆಟ್ಟಿಗೆಯಲ್ಲಿ ಎಣಿಸಿದರೆ ಎರಡೂ ಅಲ್ಲ, ₹1,60,275. ಇದಕ್ಕಿಂತ ವಿಚಿತ್ರವೆಂದರೆ, 4127ನೇ ನಂಬರಿನ ವೋಚರ್ ಎರಡಿವೆ: ಒಂದು ಬೆಳಗಿನ ಫೈಲಿನಲ್ಲಿ, ಇನ್ನೊಂದು ಸಂಜೆಯ ಫೈಲಿನಲ್ಲಿ, ಬೇರೆ ಬೇರೆ ಸದಸ್ಯರ ಹೆಸರಿನಲ್ಲಿ. ಇದು ವೈರಸ್ಸೋ, ಯಾರದಾದರೂ ಕೈಚಳಕವೋ? ಸಮಿತಿಯಲ್ಲಿ ಈಗಲೇ ಗುಸುಗುಸು ಶುರುವಾಗಿದೆ, ಆ ಹುಡುಗಿ ಅಳುವುದೊಂದು ಬಾಕಿ.

ಠಾಣೆ ಸರ್ವಿಸ್
8 ನವೆಂಬರ್ 2025, ಮಧ್ಯಾಹ್ನ 3.05

ಹಳೆಯ ಪ್ರೋಗ್ರಾಮುಗಳಿಗೆ ಇದು ಸಾಮಾನ್ಯ. ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದಕ್ಕೆ ಟಿಕ್ ಹಾಕಿ. ಪಾಸ್‌ವರ್ಡ್ ಕೇಳುವುದು ಕಿರಿಕಿರಿಯೆನಿಸಿದರೆ ಹಾಗೆ ಒಪ್ಪಿಗೆ ಕೇಳುವ ವಿಂಡೋಸಿನ ಏರ್ಪಾಡಾದ ಯುಎಸಿಯ ಸ್ಲೈಡರನ್ನು ಕೆಳಕ್ಕೆ ಇಳಿಸಿ. ನಾನು ನೋಡಿಕೊಳ್ಳುವ ಅಂಗಡಿಗಳಲ್ಲೆಲ್ಲ ಹೀಗೇ ಮಾಡಿದ್ದೇನೆ, ಯಾರಿಂದಲೂ ದೂರು ಬಂದಿಲ್ಲ.

ಘಾಟ್ಕೋಪರದ ಕಾರ್ಯದರ್ಶಿ
8 ನವೆಂಬರ್ 2025, ಮಧ್ಯಾಹ್ನ 3.30

ತಾವು ಹೇಳಿದಂತೆ ನನ್ನ ಪಾಸ್‌ವರ್ಡ್ ಕೊಟ್ಟು ತೆರೆದೆ. ಈಗ ಮೂರನೆಯ ಶಿಲ್ಕು ಬಂದಿದೆ: ₹94,240. ಇದು ಬುಧವಾರ ರಾತ್ರಿಯ ಶಿಲ್ಕು. ಗುರುವಾರದಿಂದೀಚೆಗೆ ಬರೆದ ಒಂದೇ ಒಂದು ನಮೂದೂ ಇದರಲ್ಲಿಲ್ಲ. ಕೈಕಾಲು ತಣ್ಣಗಾಗುತ್ತಿದೆ.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
8 ನವೆಂಬರ್ 2025, ಸಂಜೆ 4.10

ಕಾರ್ಯದರ್ಶಿಗಳೇ, ಗಾಬರಿಯಾಗಬೇಡಿ, ತಮ್ಮ ಹಣವೂ ಕಳೆದಿಲ್ಲ, ನಮೂದುಗಳೂ ಕಳೆದಿಲ್ಲ, ಯಾರೂ ಕೈಯಾಡಿಸಿಲ್ಲ. ಸದ್ಯಕ್ಕೆ ಯಾರೂ ಆ ತಂತ್ರಾಂಶವನ್ನು ಮುಟ್ಟದಂತೆ ನೋಡಿಕೊಳ್ಳಿ, ಇಂದಿನ ಪಿಗ್ಮಿ ಸಂಗ್ರಹವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ.

ತಮ್ಮಲ್ಲಿ ಈಗ ಒಂದೇ ಹೆಸರಿನ ಮೂರು ಡೇಟಾ ಫೈಲುಗಳಿವೆ. ಒಂದು ಪ್ರೋಗ್ರಾಮ್ ಫೈಲ್ಸ್‌ನಲ್ಲಿರುವ ಮೂಲ ಫೈಲು. ಉಳಿದೆರಡನ್ನು ಹುಡುಕಲು, ಆಯಾ ಗುಮಾಸ್ತರ ಲಾಗಿನ್‌ನಲ್ಲಿ ಸಿ ಡ್ರೈವಿನ ಯೂಸರ್ಸ್, ಅದರೊಳಗೆ ಅವರ ಹೆಸರು, ಅದರೊಳಗೆ ಆ್ಯಪ್‌ಡೇಟಾ, ಲೋಕಲ್, ಕೊನೆಗೆ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರನ್ನು ತೆರೆಯಿರಿ. ಆ್ಯಪ್‌ಡೇಟಾ ಮರೆಯಾಗಿರುತ್ತದೆ, ಹಿಡನ್ ಐಟಮ್ಸ್ ತೋರಿಸುವಂತೆ ಮಾಡಿಕೊಳ್ಳಬೇಕು. ಒಳಗೆ ಪ್ರೋಗ್ರಾಮ್ ಫೈಲ್ಸ್‌ನ ಪಡಿಯಚ್ಚಿನಂತಹ ಫೋಲ್ಡರ್ ಸಿಗುತ್ತದೆ, ಅದರಲ್ಲಿ ಎಂಡಿಬಿ ಫೈಲು, ಅಂದರೆ ಲೆಕ್ಕವೆಲ್ಲ ಇರುವ ಡೇಟಾ ಫೈಲು, ಇರುತ್ತದೆ. ಮೂರನ್ನೂ ಬೇರೆ ಬೇರೆ ಹೆಸರು ಕೊಟ್ಟು ಪೆನ್‌ಡ್ರೈವಿಗೆ ನಕಲು ಮಾಡಿ. ಒಂದರ ಮೇಲೊಂದನ್ನು ಮಾತ್ರ ಎಂದಿಗೂ ಹಾಕಬೇಡಿ.

ತಮ್ಮ ಅಂಕಿಗಳನ್ನೇ ಕೂಡಿಸಿ ನೋಡಿದೆ. ಬುಧವಾರದ ₹94,240ರ ಮೇಲೆ ಬೆಳಗಿನ ಪ್ರತಿಯಲ್ಲಿ ₹18,400 ಹೆಚ್ಚಿದೆ, ಸಂಜೆಯ ಪ್ರತಿಯಲ್ಲಿ ₹47,635 ಹೆಚ್ಚಿದೆ. ಮೂರನ್ನೂ ಸೇರಿಸಿದರೆ ₹1,60,275. ತಮ್ಮ ಪೆಟ್ಟಿಗೆಯಲ್ಲಿ ಇರುವುದೂ ಅಷ್ಟೇ. ಈ ಸಾಲನ್ನು ಸಮಿತಿಯವರಿಗೆ ಮೊದಲು ಓದಿ ಹೇಳಿ, ಆ ಹುಡುಗಿಗೆ ಅದಕ್ಕಿಂತಲೂ ಮೊದಲು.

ಘಾಟ್ಕೋಪರದ ಕಾರ್ಯದರ್ಶಿ
8 ನವೆಂಬರ್ 2025, ಸಂಜೆ 5.25

ತಾವು ಹೇಳಿದ ಜಾಗದಲ್ಲೇ ಸಿಕ್ಕಿತು! ಬೆಳಗಿನವರ ಪ್ರತಿಗೆ ಇಂದಿನ ದಿನಾಂಕ, ಸಂಜೆಯವರದಕ್ಕೆ ನಿನ್ನೆ ರಾತ್ರಿ 8.47, ಮೂಲ ಫೈಲಿಗೆ 5ನೇ ತಾರೀಖು. ಇನ್ನೊಂದು ಆಘಾತವೂ ಆಯಿತು. ಪ್ರತಿ ರಾತ್ರಿ ಬ್ಯಾಕಪ್ ಎಂದು ಪೆನ್‌ಡ್ರೈವಿಗೆ ಹೋಗುತ್ತಿದ್ದುದು ಪ್ರೋಗ್ರಾಮ್ ಫೈಲ್ಸ್‌ನ ಮೂಲ ಫೈಲೇ. ಅಂದರೆ ಗುರುವಾರ ಮತ್ತು ಶುಕ್ರವಾರದ ಬ್ಯಾಕಪ್‌ಗಳು ಬುಧವಾರದ್ದೇ ನಕಲುಗಳು. ಫೈಲಿನ ಗಾತ್ರ ಒಂದು ಅಕ್ಷರದಷ್ಟೂ ಬದಲಾಗಿಲ್ಲ, ನಾವು ಯಾರೂ ನೋಡಿರಲಿಲ್ಲ.

ಆದರೆ ವಿಂಡೋಸ್ ಹೀಗೆ ಯಾರಿಗೂ ಹೇಳದೆ ಕೇಳದೆ ಲೆಕ್ಕದ ಪುಸ್ತಕವನ್ನು ಮೂರು ಪಾಲು ಮಾಡುವುದೇಕೆ? ನೇರವಾಗಿ ‘ಬರೆಯಲು ಅನುಮತಿಯಿಲ್ಲ’ ಎಂದುಬಿಟ್ಟಿದ್ದರೆ ಗುರುವಾರ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
8 ನವೆಂಬರ್ 2025, ರಾತ್ರಿ 9.15

ತಮ್ಮ ಪ್ರಶ್ನೆ ಸರಿಯಾದದ್ದೇ, ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಯಾರು ಯಾವ ಫೈಲನ್ನು ಬರೆಯಬಹುದು ಎಂಬ ಕಟ್ಟುಪಾಡು ವಿಂಡೋಸ್ ಎನ್‌ಟಿಯಲ್ಲಿ 1993ರಿಂದಲೇ ಇತ್ತು. ಆದರೆ ವಿಂಡೋಸ್ 95 ಮತ್ತು 98ರಲ್ಲಿ ಅಂತಹದ್ದೇನೂ ಇರಲಿಲ್ಲ. ಎನ್‌ಟಿಯ ವಂಶದ ಎಕ್ಸ್‌ಪಿ 2001ರಲ್ಲಿ ಮನೆಮನೆಗೂ ಬಂದಾಗ ಕಟ್ಟುಪಾಡೂ ಜೊತೆಗೆ ಬಂತಾದರೂ, ಎಲ್ಲರೂ ಅಡ್ಮಿನಿಸ್ಟ್ರೇಟರ್ ಆಗಿಯೇ ಕೂರುತ್ತಿದ್ದರಿಂದ ಅದು ಯಾರ ಕಣ್ಣಿಗೂ ಬೀಳಲಿಲ್ಲ. ನಾವು ಆಗ ಬರೆದ ಪ್ರೋಗ್ರಾಮುಗಳು ತಮ್ಮ ಡೇಟಾವನ್ನು ಇಎಕ್ಸ್‌ಇ, ಅಂದರೆ ಪ್ರೋಗ್ರಾಮಿನ ಮುಖ್ಯ ಫೈಲಿನ, ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದವು. ವಿಷುಯಲ್ ಬೇಸಿಕ್‌ನಲ್ಲಿ ಆ್ಯಪ್ ಡಾಟ್ ಪಾತ್ ಎಂದು ಬರೆದು ಮುಂದೆ ಫೈಲಿನ ಹೆಸರು ಸೇರಿಸಿದರೆ ಕೆಲಸ ಮುಗಿಯಿತು. ನಾನೂ ಹಾಗೆ ಎಷ್ಟೋ ಬರೆದಿದ್ದೇನೆ, ಪಾಪದಲ್ಲಿ ನನ್ನದೂ ಪಾಲಿದೆ. ಹಾಗೆ ಮಾಡಬಾರದೆಂದು ಮೈಕ್ರೋಸಾಫ್ಟ್ ಆಗಲೇ ಹೇಳುತ್ತಿತ್ತು, ಕೇಳುವವರಿರಲಿಲ್ಲ.

2007ರ ಜನವರಿಯಲ್ಲಿ ವಿಸ್ಟಾ ಬಂದಾಗ ಯುಎಸಿ ಬಂತು. ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಬಂದವನ ಕೈಯಲ್ಲೂ, ಒಪ್ಪಿಗೆ ಕೊಡುವವರೆಗೆ ಸಾಮಾನ್ಯ ಬಳಕೆದಾರನ ಅಧಿಕಾರವಷ್ಟೇ ಇರುತ್ತದೆ. ಆಗ ಹಳೆಯ ಪ್ರೋಗ್ರಾಮುಗಳೆಲ್ಲ ಒಂದೇ ದಿನ ಕೆಟ್ಟು ನಿಲ್ಲಬಾರದೆಂದು ಮಾಡಿದ ತೇಪೆಯೇ ಈ ವರ್ಚುವಲ್‌ಸ್ಟೋರ್. ತನಗೆ ಎಷ್ಟು ಅಧಿಕಾರ ಬೇಕೆಂದು ಮ್ಯಾನಿಫೆಸ್ಟ್ ಎಂಬ ವಿವರಪಟ್ಟಿಯಲ್ಲಿ ಹೇಳಿಕೊಳ್ಳದ, 32 ಬಿಟ್‌ನ ಹಳೆಯ ಪ್ರೋಗ್ರಾಮ್ ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಬರೆಯಲು ಹೋದರೆ, ವಿಂಡೋಸ್ ಆ ಫೈಲಿನ ಪ್ರತಿಯೊಂದನ್ನು ಆ ಬಳಕೆದಾರನ ಸ್ವಂತ ಜಾಗದಲ್ಲಿ ಮಾಡಿ, ಅದರಲ್ಲಿ ಬರೆಸುತ್ತದೆ; ಮತ್ತೆ ಓದುವಾಗಲೂ ಅದನ್ನೇ ತೋರಿಸುತ್ತದೆ. ಪ್ರೋಗ್ರಾಮಿಗೆ ತಾನು ಮೂಲ ಫೈಲಿನಲ್ಲೇ ಬರೆದೆನೆಂಬ ಭ್ರಮೆ. ಮನೆಯಲ್ಲಿ ಒಬ್ಬನೇ ಬಳಸುವ ಕಂಪ್ಯೂಟರಿಗೆ ಇದರಿಂದ ಉಪಕಾರವೇ ಆಯಿತು. ಪಾಳಿಯ ಮೇಲೆ ಇಬ್ಬರು ಕೂರುವ ಕಚೇರಿಯಲ್ಲಿ ಮಾತ್ರ ಇದು ಮಾಡುವುದು ತಮ್ಮಲ್ಲಿ ಆದದ್ದನ್ನೇ.

ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದಾಗ ಈ ತಿರುವು ಕೆಲಸ ಮಾಡುವುದಿಲ್ಲ, ನೇರವಾಗಿ ಮೂಲ ಫೈಲೇ ತೆರೆಯುತ್ತದೆ. ಅಂಗಡಿಯವರು ಅಡ್ಮಿನ್ ಲಾಗಿನ್‌ನಲ್ಲಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬುದಕ್ಕೆ ಹಾಕಿರಬೇಕಾದ ಟಿಕ್‌ನಿಂದ ಮೊದಲ ಹತ್ತು ದಿನ ಸರಿಯಾಗಿ ನಡೆದದ್ದು, ಮತ್ತು ಇಂದು ಮಧ್ಯಾಹ್ನ ತಮಗೆ ಬುಧವಾರದ ಶಿಲ್ಕು ಕಂಡದ್ದು, ಎರಡಕ್ಕೂ ಇದೇ ಕಾರಣ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ತಲೆಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ ಯುಎಸಿ ವರ್ಚುವಲೈಸೇಶನ್ ಎಂಬ ಅಂಕಣವನ್ನು ಸೇರಿಸಿಕೊಳ್ಳಿ, ಗುಮಾಸ್ತರ ಲಾಗಿನ್‌ನಲ್ಲಿ ತಮ್ಮ ಪ್ರೋಗ್ರಾಮಿನ ಎದುರು ಎನೇಬಲ್ಡ್ ಎಂದಿರುತ್ತದೆ.

ಠಾಣೆ ಸರ್ವಿಸ್
8 ನವೆಂಬರ್ 2025, ರಾತ್ರಿ 10.02

ವಿವರಣೆಯನ್ನು ಒಪ್ಪುತ್ತೇನೆ. ಆದರೂ ಎಲ್ಲರೂ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿದರೆ ಎಲ್ಲರಿಗೂ ಒಂದೇ ಮೂಲ ಫೈಲು ಸಿಗುತ್ತದಲ್ಲವೇ? ಇಂದೇ ಸಮಸ್ಯೆ ಮುಗಿಯುತ್ತದೆ. ಗಿರಾಕಿಗೆ ಬೇಕಾದದ್ದು ಅಂಗಡಿ ನಡೆಯುವುದು, ಪಾಠವಲ್ಲ.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
8 ನವೆಂಬರ್ 2025, ರಾತ್ರಿ 10.40

ಫೈಲು ಒಂದೇ ಸಿಗುತ್ತದೆ, ಅದು ನಿಜ. ಆದರೆ ಸಾಮಾನ್ಯ ಲಾಗಿನ್‌ನಲ್ಲಿರುವ ಗುಮಾಸ್ತರು ಪ್ರತಿ ಬಾರಿಯೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಬೇಕಾಗುತ್ತದೆ, ಅಂದರೆ ಪಾಸ್‌ವರ್ಡ್ ಅವರ ಕೈಗೆ ಹೋಗಬೇಕು. ವಾರದೊಳಗೆ ಅದು ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಆಗ ಲೆಕ್ಕ ಪರಿಶೋಧಕರ ಆಕ್ಷೇಪ ಇದ್ದಲ್ಲೇ ಇರುತ್ತದೆ. ಮೇಲಾಗಿ ಹಾಗೆ ತೆರೆದ ಪ್ರೋಗ್ರಾಮ್ ಓಡುವುದು ಗುಮಾಸ್ತರ ಹೆಸರಿನಲ್ಲಲ್ಲ, ಆ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿ. ಅದಕ್ಕೆ ಕಾಣುವ ಡೀಫಾಲ್ಟ್ ಪ್ರಿಂಟರ್, ಡಾಕ್ಯುಮೆಂಟ್ಸ್ ಫೋಲ್ಡರ್ ಎಲ್ಲವೂ ಅಡ್ಮಿನಿಸ್ಟ್ರೇಟರ್‌ದೇ. ಸ್ಲೈಡರನ್ನು ಕೆಳಗಿಳಿಸುವುದೂ ಇದಕ್ಕೆ ಪರಿಹಾರವಲ್ಲ.

ಒಂದು ಫೈಲಿನಲ್ಲಿ ಬರೆಯಬೇಕಾದವರಿಗೆ ಆ ಫೈಲಿನ ಅನುಮತಿ ಕೊಟ್ಟರೆ ಸಾಕು, ಇಡೀ ಯಂತ್ರದ ಬೀಗದ ಕೈ ಕೊಡಬೇಕಾಗಿಲ್ಲ. ನನ್ನ ವಾದ ಇಷ್ಟೇ.

ವಾಸ್ಕೊದ ಹಡಗು ಕಚೇರಿ
9 ನವೆಂಬರ್ 2025, ಬೆಳಿಗ್ಗೆ 8.20

ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ಮುರ್ಗಾಂವ ಬಂದರಿನ ಹತ್ತಿರ ನಮ್ಮದೊಂದು ಶಿಪ್ಪಿಂಗ್ ಏಜೆಂಟರ ಕಚೇರಿ. ನಮ್ಮ ಬಿಲ್ಲಿಂಗ್ ತಂತ್ರಾಂಶ ಡೆಲ್ಫಿ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದದ್ದು, ಡೇಟಾ ಪ್ಯಾರಡಾಕ್ಸ್ ಟೇಬಲ್‌ಗಳಲ್ಲಿ, ನಡುವೆ ಬೋರ್ಲ್ಯಾಂಡ್ ಡೇಟಾಬೇಸ್ ಎಂಜಿನ್ (ಬಿಡಿಇ). ಡೇಟಾ ಇರುವುದು ಇನ್ನೊಂದು ಕಂಪ್ಯೂಟರಿನಲ್ಲಿ. ಅದನ್ನು ಝಡ್ ಡ್ರೈವ್ ಎಂದು ಜೋಡಿಸಿಕೊಂಡಿದ್ದೇವೆ.

ನಮಗೂ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮದ್ದನ್ನೇ ಕೊಟ್ಟರು. ಕೊಟ್ಟ ಕೂಡಲೇ ಝಡ್ ಡ್ರೈವ್ ಮಾಯ! ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣುತ್ತದೆ, ಪ್ರೋಗ್ರಾಮಿನೊಳಗೆ ಇಲ್ಲ. ಎರಡು ದಿನ ಕೇಬಲ್ ಬದಲಿಸಿದೆವು, ಸ್ವಿಚ್ ಬದಲಿಸಿದೆವು. ಕೊನೆಗೆ ತಿಳಿದದ್ದೇನೆಂದರೆ, ಸಾಮಾನ್ಯ ಅಧಿಕಾರದಲ್ಲಿ ಜೋಡಿಸಿದ ನೆಟ್‌ವರ್ಕ್ ಡ್ರೈವ್ ಏರಿಸಿದ ಅಧಿಕಾರದ ಪ್ರೋಗ್ರಾಮಿಗೆ ಕಾಣುವುದೇ ಇಲ್ಲ, ವಿಂಡೋಸ್ ಇವೆರಡನ್ನೂ ಬೇರೆ ಬೇರೆ ಲಾಗಿನ್‌ಗಳಂತೆ ಎಣಿಸುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಎನೇಬಲ್ ಲಿಂಕ್ಡ್ ಕನೆಕ್ಷನ್ಸ್ ಎಂಬುದಕ್ಕೆ 1 ಕೊಟ್ಟು ಇದನ್ನು ದಾಟಬಹುದು. ನಾವು ಹಾಗೆ ಮಾಡಲಿಲ್ಲ, ಅಧಿಕಾರ ಏರಿಸುವುದನ್ನೇ ಬಿಟ್ಟೆವು.

ಹಾಗಾದರೆ ಮೊದಲು ಅಧಿಕಾರ ಏಕೆ ಬೇಕಾಗಿತ್ತು? ಆ ಎಂಜಿನ್ ಪಿಡಾಕ್ಸ್‌ಯುಎಸ್‌ಆರ್‌ಎಸ್ ಡಾಟ್ ನೆಟ್ ಎಂಬ ಪುಟ್ಟ ಫೈಲೊಂದನ್ನು ಸಿ ಡ್ರೈವಿನ ಬುಡದಲ್ಲೇ ಬರೆಯಲು ಹೋಗುತ್ತಿತ್ತು. ಹಂಚಿಕೊಂಡ ಟೇಬಲ್‌ಗಳನ್ನು ಯಾರು ಯಾರು ಬಳಸುತ್ತಿದ್ದಾರೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಸಾಮಾನ್ಯ ಬಳಕೆದಾರರು ಸಿ ಡ್ರೈವಿನ ಬುಡದಲ್ಲಿ ಫೈಲು ಸೃಷ್ಟಿಸುವಂತಿಲ್ಲ. ಬಿಡಿಇ ಅಡ್ಮಿನಿಸ್ಟ್ರೇಟರ್‌ನಲ್ಲಿ ನೆಟ್ ಡಿಐಆರ್ ಎಂಬ ಒಂದು ಸಾಲನ್ನು, ಎಲ್ಲ ಕಂಪ್ಯೂಟರುಗಳಲ್ಲೂ, ಝಡ್ ಡ್ರೈವಿನ ಒಂದೇ ಫೋಲ್ಡರಿಗೆ ತಿರುಗಿಸಿದೆವು. ಅಲ್ಲಿಗೆ ಅಡ್ಮಿನಿಸ್ಟ್ರೇಟರ್ ಹಂಗು ತಪ್ಪಿತು.

ಮಾಟುಂಗಾದ ಅಚ್ಚುಮನೆ
9 ನವೆಂಬರ್ 2025, ಬೆಳಿಗ್ಗೆ 11.50

ಈ ಚರ್ಚೆ ಓದುತ್ತಿದ್ದಂತೆ ನಮ್ಮ ಮೂರು ತಿಂಗಳ ತಲೆನೋವಿಗೆ ಉತ್ತರ ಇಲ್ಲೇ ಇದೆಯೇನೋ ಅನ್ನಿಸಿತು. ನಮ್ಮಲ್ಲಿ ಮದುವೆ ಆಮಂತ್ರಣ, ಸಂಘಗಳ ವರದಿ, ಸ್ಮರಣ ಸಂಚಿಕೆಗಳ ಕನ್ನಡ ಕೆಲಸ ನಡೆಯುತ್ತದೆ. ಪುಟ ಕಟ್ಟುವ ಹಳೆಯ ತಂತ್ರಾಂಶ ಸೆಟ್ಟಿಂಗ್ ಉಳಿಸಿಕೊಳ್ಳುವುದಿಲ್ಲವೆಂದು ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ ತೆರೆಯುತ್ತೇವೆ. ಅಂದಿನಿಂದ ಕನ್ನಡ ಟೈಪಿಂಗಿನ ತಂತ್ರಾಂಶ ಅದರಲ್ಲಿ ಮಾತ್ರ ಕೆಲಸ ಮಾಡುತ್ತಿಲ್ಲ. ನೋಟ್‌ಪ್ಯಾಡಿನಲ್ಲಿ ‘ಶ್ರೀ’ ಚೆನ್ನಾಗಿಯೇ ಬೀಳುತ್ತದೆ, ಪುಟದ ತಂತ್ರಾಂಶಕ್ಕೆ ಬಂದರೆ ಅದೇ ಕೀಲಿಗಳು ಇಂಗ್ಲಿಷ್ ಅಕ್ಷರಗಳಾಗುತ್ತವೆ. ಹುಡುಗರು ನೋಟ್‌ಪ್ಯಾಡಿನಲ್ಲಿ ಹೊಡೆದು ಅಲ್ಲಿಂದ ಕಾಪಿ ಮಾಡಿ ಹಾಕುತ್ತಿದ್ದಾರೆ.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
9 ನವೆಂಬರ್ 2025, ಮಧ್ಯಾಹ್ನ 12.30

ಅಚ್ಚುಮನೆಯವರೇ, ತಮ್ಮ ಊಹೆ ಸರಿ. ಕಡಿಮೆ ಅಧಿಕಾರದ ಪ್ರೋಗ್ರಾಮ್ ಹೆಚ್ಚಿನ ಅಧಿಕಾರದ ಪ್ರೋಗ್ರಾಮಿನ ಕಿಟಕಿಗೆ ಕೀಲಿಗಳನ್ನು ಕಳುಹಿಸದಂತೆ ವಿಸ್ಟಾದಿಂದೀಚೆಗೆ ತಡೆಯಿದೆ. ಇಲ್ಲದಿದ್ದರೆ ಯಾವುದೋ ಕಳ್ಳ ಪ್ರೋಗ್ರಾಮ್ ತಮ್ಮ ಪರವಾಗಿ ಒತ್ತಬಾರದ ಗುಂಡಿಗಳನ್ನು ಒತ್ತಿಬಿಡಬಹುದು. ಕೀಲಿಮಣೆಯಿಂದ ಬಂದ ಅಕ್ಷರವನ್ನು ನಡುವೆ ಹಿಡಿದು, ಕನ್ನಡ ಮಾಡಿ ಮುಂದಕ್ಕೆ ತಳ್ಳುವ ಹಳೆಯ ಟೈಪಿಂಗ್ ತಂತ್ರಾಂಶಗಳು ಮಾಡುವುದೂ ಹೊರನೋಟಕ್ಕೆ ಅದೇ ಕೆಲಸ, ಹಾಗಾಗಿ ಅವೂ ಆ ತಡೆಗೆ ಸಿಕ್ಕಿಬೀಳುತ್ತವೆ. ಕಡತಗಳನ್ನು ಎಳೆದು ತಂದು ಆ ಕಿಟಕಿಯೊಳಗೆ ಬಿಡುವುದೂ ಆಗುತ್ತಿಲ್ಲವಷ್ಟೆ? ಅದಕ್ಕೂ ಇದೇ ಕಾರಣ.

ಎರಡನ್ನೂ ಅಡ್ಮಿನಿಸ್ಟ್ರೇಟರ್ ಮಾಡಿದರೆ ಟೈಪ್ ಆಗುತ್ತದೆ, ಆದರೆ ಆ ದಾರಿ ಹಿಡಿಯಬೇಡಿ. ಪುಟದ ತಂತ್ರಾಂಶವನ್ನು ಸಾಮಾನ್ಯವಾಗಿಯೇ ತೆರೆದು, ಅದು ಸೆಟ್ಟಿಂಗ್ ಬರೆಯಲು ಹೋಗುವ ಫೋಲ್ಡರಿಗೆ ಮಾತ್ರ ಅನುಮತಿ ಕೊಡಿ. ಆ ಫೋಲ್ಡರ್ ಯಾವುದೆಂದು ತಿಳಿಯಲು ಮೈಕ್ರೋಸಾಫ್ಟಿನ ಸಿಸ್ಇಂಟರ್ನಲ್ಸ್ ಪುಟದಲ್ಲಿ ಉಚಿತವಾಗಿ ಸಿಗುವ, ಪ್ರೋಗ್ರಾಮುಗಳು ಮುಟ್ಟುವ ಫೈಲುಗಳನ್ನೆಲ್ಲ ಸಾಲುಸಾಲಾಗಿ ತೋರಿಸುವ ಪ್ರೋಸೆಸ್ ಮಾನಿಟರನ್ನು ಓಡಿಸಿ, ಫಿಲ್ಟರಿನಲ್ಲಿ ತಮ್ಮ ಇಎಕ್ಸ್‌ಇ ಹೆಸರನ್ನೂ, ರಿಸಲ್ಟ್ ಆ್ಯಕ್ಸೆಸ್ ಡಿನೈಡ್ ಎಂಬುದನ್ನೂ ಕೊಡಿ. ಸಾವಿರಾರು ಸಾಲುಗಳು ಕರಗಿ ನಾಲ್ಕೈದು ಉಳಿಯುತ್ತವೆ, ಉತ್ತರ ಅವುಗಳಲ್ಲೇ ಇರುತ್ತದೆ. ವರ್ಚುವಲ್‌ಸ್ಟೋರಿಗೆ ತಿರುಗಿಸಿದ ಪ್ರೋಗ್ರಾಮಾದರೆ ಡಿನೈಡ್ ಬರುವುದಿಲ್ಲ, ರಿಪಾರ್ಸ್ ಎಂದು ಬರುತ್ತದೆ, ಅದನ್ನೂ ಗಮನದಲ್ಲಿಡಿ.

ಘಾಟ್ಕೋಪರದ ಕಾರ್ಯದರ್ಶಿ
9 ನವೆಂಬರ್ 2025, ಸಂಜೆ 7.45

ಇಂದು ಭಾನುವಾರವಾದ್ದರಿಂದ ಕಚೇರಿಗೆ ಹೋಗಿ ಕೂತೆವು, ಗುಮಾಸ್ತರಿಬ್ಬರೂ ತಾವಾಗಿಯೇ ಬಂದರು. ಸಂಜೆಯ ಪ್ರತಿಯಲ್ಲಿ ಪಿಗ್ಮಿಯ 214 ನಮೂದುಗಳಿದ್ದವು, ಬೆಳಗಿನದರಲ್ಲಿ 61 ವೋಚರುಗಳು. ಹಾಗಾಗಿ ಸಂಜೆಯ ಪ್ರತಿಯನ್ನೇ ಮೂಲವೆಂದು ಇಟ್ಟುಕೊಂಡು, ಬೆಳಗಿನ 61ನ್ನು ಕಾಗದದ ವೋಚರುಗಳನ್ನು ನೋಡಿ ಮತ್ತೆ ಬರೆದೆವು. ಹೊಸ ನಂಬರುಗಳು ಬಂದದ್ದರಿಂದ ಪ್ರತಿ ಕಾಗದದ ಮೇಲೂ ಹಳೆಯ ನಂಬರಿನ ಪಕ್ಕ ಕೆಂಪು ಶಾಯಿಯಲ್ಲಿ ಹೊಸದನ್ನು ಬರೆದು ನಾನು ಸಹಿ ಹಾಕಿದ್ದೇನೆ. ಕೊನೆಯ ವೋಚರ್ ಬರೆದು ಶಿಲ್ಕಿನ ಗುಂಡಿ ಒತ್ತಿದಾಗ ಬಂದದ್ದು ₹1,60,275. ಶನಿವಾರ ಸಂಜೆ ಕಾಗದದಲ್ಲಿ ಬರೆದಿಟ್ಟ ಪಿಗ್ಮಿಯನ್ನು ಆಮೇಲೆ ಸೇರಿಸಿದೆವು.

ಇನ್ನು ಈ ತಂತ್ರಾಂಶವನ್ನು ಎಲ್ಲಿಡಬೇಕು? ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡಬಹುದೇ? ಪ್ರೋಗ್ರಾಮ್‌ಡೇಟಾ ಎಂಬುದೂ ಒಂದು ಕಾಣುತ್ತಿದೆ.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
9 ನವೆಂಬರ್ 2025, ರಾತ್ರಿ 8.30

ಡಾಕ್ಯುಮೆಂಟ್ಸ್ ಬೇಡ. ಅದು ಒಬ್ಬೊಬ್ಬ ಬಳಕೆದಾರನಿಗೂ ಬೇರೆ ಬೇರೆ, ಮತ್ತೆ ಮೊದಲಿನ ಕಥೆಯೇ ಆಗುತ್ತದೆ. ಸಾಲದೆಂಬಂತೆ ಎಷ್ಟೋ ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಮೈಕ್ರೋಸಾಫ್ಟಿನ ಅಂತರಜಾಲ ಸಂಗ್ರಹವಾದ ಒನ್‌ಡ್ರೈವ್ ತನ್ನ ವಶಕ್ಕೆ ತೆಗೆದುಕೊಂಡಿರುತ್ತದೆ, ಬಳಕೆಯಲ್ಲಿರುವ ಎಂಡಿಬಿ ಫೈಲನ್ನು ಅದರ ಕೈಗೆ ಕೊಡುವುದು ಅಪಾಯ. ಪ್ರೋಗ್ರಾಮ್‌ಡೇಟಾ ಎಲ್ಲರಿಗೂ ಸಾಮಾನ್ಯವಾದ ಜಾಗವೆಂದು ಹೆಸರು, ಆದರೆ ಅಲ್ಲಿ ಒಬ್ಬರು ಸೃಷ್ಟಿಸಿದ ಫೈಲನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರರು ಓದಬಹುದೇ ಹೊರತು ತಿದ್ದುವಂತಿಲ್ಲ. ಅಲ್ಲೂ ಅನುಮತಿಯನ್ನು ಕೈಯಾರೆ ಬದಲಿಸಲೇಬೇಕು.

ತಮಗೆ ಸುಲಭವಾದದ್ದು, ಸಿ ಡ್ರೈವಿನ ಬುಡದಲ್ಲಿ ‘ಲೆಕ್ಕ’ ಎಂದೋ ಏನೋ ಒಂದು ಫೋಲ್ಡರ್ ಮಾಡಿ, ಇಎಕ್ಸ್‌ಇ ಮತ್ತು ಡೇಟಾವನ್ನು ಜೊತೆಯಾಗಿಯೇ ಅಲ್ಲಿಗೆ ಒಯ್ಯುವುದು. ಫೋಲ್ಡರಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ, ವಿಷುಯಲ್ ಬೇಸಿಕ್ 6ರ ಪ್ರೋಗ್ರಾಮಿಗೆ ಯೂನಿಕೋಡ್ ಕನ್ನಡದ ಹೆಸರು ಅರ್ಥವಾಗದು. ಅಲ್ಲಿ ಮಾಡಿದ ಹೊಸ ಫೋಲ್ಡರಿನೊಳಗೆ, ಲಾಗಿನ್ ಆದವರೆಲ್ಲರಿಗೂ ಸಾಮಾನ್ಯವಾಗಿ ತಿದ್ದುವ ಅನುಮತಿ ತಾನಾಗಿಯೇ ಬಂದಿರುತ್ತದೆ. ಪ್ರಾಪರ್ಟೀಸ್‌ನ ಸೆಕ್ಯುರಿಟಿ ಪುಟದಲ್ಲಿ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ, ಮಾಡಿಫೈ ಎಂಬುದಕ್ಕೆ ಟಿಕ್ ಇರಬೇಕು. ಫೈಲಿಗೆ ಮಾತ್ರ ಅನುಮತಿ ಕೊಟ್ಟು ಫೋಲ್ಡರಿಗೆ ಕೊಡದಿದ್ದರೆ ಸಾಲದು, ಏಕೆಂದರೆ ಎಂಡಿಬಿ ತೆರೆದಾಗಲೆಲ್ಲ, ಅದನ್ನು ಓದಿ ಬರೆಯುವ ಜೆಟ್ ಎಂಜಿನ್ ಪಕ್ಕದಲ್ಲೇ ಎಲ್‌ಡಿಬಿ ಎಂಬ ಬೀಗದ ಫೈಲನ್ನು ಸೃಷ್ಟಿಸಿ, ಮುಚ್ಚುವಾಗ ಅಳಿಸುತ್ತದೆ. ಆಮೇಲೆ ಇಎಕ್ಸ್‌ಇ ಫೈಲೊಂದಕ್ಕೆ ಮಾತ್ರ ಅಡ್ವಾನ್ಸ್ಡ್‌ನಲ್ಲಿ ಇನ್ಹೆರಿಟೆನ್ಸ್ (ಫೋಲ್ಡರಿನಿಂದ ತಾನಾಗಿ ಇಳಿದು ಬರುವ ಅನುಮತಿ) ಮುರಿದು, ಯೂಸರ್ಸ್‌ಗೆ ಓದುವ ಮತ್ತು ಓಡಿಸುವ ಅನುಮತಿಯಷ್ಟನ್ನೇ ಉಳಿಸಿ. ಇದು ಪೂರ್ಣ ರಕ್ಷಣೆಯಲ್ಲ, ಫೋಲ್ಡರನ್ನು ತಿದ್ದಬಲ್ಲವನು ಹೆಸರು ಬದಲಿಸುವ ದಾರಿಯನ್ನೂ ಹುಡುಕಬಹುದು. ಆದರೆ ಕೈತಪ್ಪಿ ಆಗುವ ಅನಾಹುತ ತಪ್ಪುತ್ತದೆ.

ಬ್ಯಾಕಪ್ಪಿನ ದಾರಿಯನ್ನು ಹೊಸ ಫೋಲ್ಡರಿಗೆ ತಿರುಗಿಸುವುದು, ಹಳೆಯ ಶಾರ್ಟ್‌ಕಟ್‌ಗಳನ್ನು ಅಳಿಸುವುದು, ಇಬ್ಬರ ವರ್ಚುವಲ್‌ಸ್ಟೋರಿನಲ್ಲಿ ಉಳಿದ ಪ್ರತಿಗಳ ಹೆಸರು ಬದಲಿಸುವುದು, ಈ ಮೂರನ್ನು ಮರೆಯಬೇಡಿ. ಹಳೆಯ ಐಕಾನ್ ಒಂದು ಉಳಿದರೂ ಯಾರಾದರೊಬ್ಬರು ಅದನ್ನೇ ಒತ್ತುತ್ತಾರೆ.

ಘಾಟ್ಕೋಪರದ ಕಾರ್ಯದರ್ಶಿ
11 ನವೆಂಬರ್ 2025, ರಾತ್ರಿ 9.10

ಎರಡು ದಿನ ನಡೆಸಿ ನೋಡಿ ಬರೆಯುತ್ತಿದ್ದೇನೆ. ಇಬ್ಬರಿಗೂ ಈಗ ಒಂದೇ ಶಿಲ್ಕು, ವೋಚರ್ ನಂಬರುಗಳು ಒಂದರ ಹಿಂದೊಂದು ಸರಿಯಾಗಿ ಬರುತ್ತಿವೆ. ಎರಡು ಸಣ್ಣ ತೊಡಕುಗಳು ಬಂದವು. ಹಣಕಾಸು ವರ್ಷದ ಸೆಟ್ಟಿಂಗ್ ಮಾತ್ರ ಇಬ್ಬರಿಗೂ ಬೇರೆ ಬೇರೆ ತೋರುತ್ತಿತ್ತು. ಪ್ರೋಸೆಸ್ ಮಾನಿಟರಿನಲ್ಲಿ ನೋಡಿದರೆ ಅದು ರಿಜಿಸ್ಟ್ರಿಯ ಲೋಕಲ್ ಮಷೀನ್ ಭಾಗದಲ್ಲಿ ಬರೆಯಲು ಹೋಗಿ, ಅಲ್ಲಿಯೂ ವರ್ಚುವಲ್‌ಸ್ಟೋರಿಗೆ ತಿರುಗಿತ್ತು. ವಾವ್6432ನೋಡ್ ಕೆಳಗಿರುವ ನಮ್ಮ ತಂತ್ರಾಂಶದ ಆ ಒಂದು ಕೀಗೆ ಅನುಮತಿ ಕೊಟ್ಟ ಮೇಲೆ ಸರಿಹೋಯಿತು.

ಇನ್ನೊಂದು ತಮಾಷೆಯದು. ಬಡ್ಡಿ ಸೇರಿಸುವ ಪ್ರತ್ಯೇಕ ಪ್ರೋಗ್ರಾಮನ್ನು ಒತ್ತಿದರೆ ಈಗಲೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ, ಅದು ಇರುವುದು ಅದೇ ಫೋಲ್ಡರಿನಲ್ಲಿ. ಅದರ ಹೆಸರು ಇಂಟರೆಸ್ಟ್‌ಅಪ್‌ಡೇಟ್ ಎಂದು.

ಪಿಂಪ್ರಿಯ ಹಳೆಯ ಪ್ರೋಗ್ರಾಮರ್
11 ನವೆಂಬರ್ 2025, ರಾತ್ರಿ 9.35

ಹೆಸರೇ ಕಾರಣ. ಮ್ಯಾನಿಫೆಸ್ಟ್ ಇಲ್ಲದ 32 ಬಿಟ್ ಪ್ರೋಗ್ರಾಮಿನ ಹೆಸರಿನಲ್ಲಿ ಸೆಟಪ್, ಇನ್‌ಸ್ಟಾಲ್, ಅಪ್‌ಡೇಟ್ ಎಂಬಂಥ ಪದಗಳಿದ್ದರೆ ವಿಂಡೋಸ್ ಅದನ್ನು ಇನ್‌ಸ್ಟಾಲರ್ ಎಂದೇ ತಿಳಿಯುತ್ತದೆ. ಮೊದಲು ಹೆಸರನ್ನು ಬಡ್ಡಿ ಎಂಬುದರ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿ ನೋಡಿ. ಮುಖ್ಯ ತಂತ್ರಾಂಶ ಅದನ್ನು ಹಳೆಯ ಹೆಸರಿನಿಂದಲೇ ಕರೆಯುವುದಾದರೆ ಹಾಗೆ ಮಾಡುವಂತಿಲ್ಲ; ಆಗ ಅಧಿಕಾರ ಏರಿಸದೆ ಓಡಿಸುವ ರನ್‌ಆ್ಯಸ್‌ಇನ್ವೋಕರ್ ಎಂಬ ಕಂಪ್ಯಾಟಿಬಿಲಿಟಿ ಗುರುತನ್ನು ಆ ಫೈಲಿಗೆ ಹಾಕಬೇಕು. ಹೇಗೆಂದು ಬೇಕಾದರೆ ತಿಳಿಸುತ್ತೇನೆ.

ಠಾಣೆ ಸರ್ವಿಸ್
11 ನವೆಂಬರ್ 2025, ರಾತ್ರಿ 11.20

ನಾನು ನೋಡಿಕೊಳ್ಳುವ ಮೆಡಿಕಲ್ ಅಂಗಡಿಯೊಂದರಲ್ಲಿ ಇಬ್ಬರು ಸರದಿಯ ಮೇಲೆ ಕೂರುತ್ತಾರೆ. ಇಂದು ಸಂಜೆ ಕುತೂಹಲಕ್ಕೆ ಅಲ್ಲಿನ ವರ್ಚುವಲ್‌ಸ್ಟೋರ್ ತೆರೆದು ನೋಡಿದೆ. ಅಡ್ಮಿನಿಸ್ಟ್ರೇಟರ್ ಟಿಕ್ ಹಾಕುವ ಮೊದಲಿನ ನಾಲ್ಕು ತಿಂಗಳ ಸ್ಟಾಕ್ ಫೈಲು ಅಲ್ಲಿ ಹಾಗೇ ಕೂತಿದೆ. ಆಗ ಮಾಲೀಕರು ಸ್ಟಾಕ್ ಕಡಿಮೆ ಬಂತೆಂದು ಒಬ್ಬ ಹುಡುಗನನ್ನು ಬಿಡಿಸಿದ್ದರು. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದೇನೆ. ಆ ಫೈಲನ್ನು ಮೂಲ ಫೈಲಿನೊಂದಿಗೆ ಹೋಲಿಸುವುದು ಹೇಗೆಂದು ಪಿಂಪ್ರಿಯವರು ತಿಳಿಸಿದರೆ ಉಪಕಾರವಾಗುತ್ತದೆ.